ಪಟ್ಟ ಏರಿದ ಮೇಲೆ ಏನಾಯಿತು?

ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಬದುಕಿನ ಮೇಲೆ ತೆಗೆದ ‘ದಿ ಐರನ್ ಲೇಡಿ’ 2012ರ ಜನವರಿಯಲ್ಲಿ ಇಲ್ಲಿ ತೆರೆಕಂಡಾಗ ನಾನು ಮಂಡ್ಯ ಬಿಟ್ಟು ದಕ್ಷಿಣ ಯಾರ್ಕ್‌ಷೈರ್‌ಗೆ ಬಂದು ಆರು ವರ್ಷವಾಗಿತ್ತು. ನಾನು ವೃದ್ಧರ ವಿಭಾಗದ ವೈದ್ಯ. ನನ್ನ ಬಳಿ ಬರುವ ಮುದುಕರಲ್ಲಿ ಹಲವರು ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಎದೆಯೊಳಗೆ ದೂಳು ತುಂಬಿಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು. ಅವರಲ್ಲೊಬ್ಬರನ್ನು ಸಿನಿಮಾ ನೋಡುತ್ತೀರಾ ಎಂದು ಮಾತಿಗೆ ಕೇಳಿದೆ. ಮೂಗಿನ ಆಮ್ಲಜನಕದ ಕೊಳವೆಯನ್ನು ಸರಿಸಿಕೊಂಡು ಅವರು ಹೇಳಿದರು: “ಆಕೆಯನ್ನು ಹನ್ನೊಂದು ವರ್ಷ ನೋಡಿದ್ದೇನೆ ಡಾಕ್ಟರೇ. ಸಾಕು.”

ಆ ವಾರಾಂತ್ಯ ನಾನೊಬ್ಬನೇ ಹೋಗಿ ನೋಡಿದೆ.

ಚಿತ್ರ ಶುರುವಾಗುವುದು ಒಬ್ಬ ಮುದುಕಿ ಅಂಗಡಿಗೆ ಹಾಲು ತರಲು ಹೋಗುವುದರಿಂದ. ಯಾರೂ ಆಕೆಯ ಗುರುತು ಹಿಡಿಯುವುದಿಲ್ಲ. ಏಳು ವರ್ಷ ದಾಟಿದ ಶಾಲಾ ಮಕ್ಕಳಿಗೆ ಉಚಿತವಾಗಿ ಕೊಡುತ್ತಿದ್ದ ಹಾಲನ್ನು ಶಿಕ್ಷಣ ಸಚಿವೆಯಾಗಿದ್ದಾಗ ನಿಲ್ಲಿಸಿ ‘ಹಾಲು ಕಸಿದವಳು’ ಎಂಬ ಹೆಸರು ಪಡೆದ ಥ್ಯಾಚರ್ ಹಾಲಿನ ಬೆಲೆ ಕೇಳಿ ಬೆರಗಾಗುತ್ತಾರೆ. ಮನೆಗೆ ಬಂದರೆ ಗಂಡ ಡೆನಿಸ್ ಜತೆ ಮಾತು. ಡೆನಿಸ್ 2003ರಲ್ಲೇ ತೀರಿಕೊಂಡವರು. ಗಂಡನ ಬಟ್ಟೆಗಳನ್ನು ಬೀರುವಿನಿಂದ ತೆಗೆದು ಕಟ್ಟಿಡಲು ಆಕೆ ಒದ್ದಾಡುವಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ತಾತ ಹೋಗಿ ಏಳು ವರ್ಷವಾದ ಮೇಲೂ ಅಜ್ಜಿ ಸಂಜೆ ಜಗಲಿಗೆ ಬಂದು, “ಅವರು ಗದ್ದೆಯಿಂದ ಇನ್ನೂ ಬರಲಿಲ್ಲವೇ?” ಎಂದು ಕೇಳುತ್ತಿದ್ದರು. ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಿದ್ದರು. ಆ ಒಂದು ಪದದಿಂದ ಎಷ್ಟೊಂದು ಸಂಕಟವನ್ನು ನಾವು ಮುಚ್ಚಿಬಿಡುತ್ತೇವೆ ಎಂಬುದು ವೈದ್ಯನಾದ ಮೇಲಷ್ಟೇ ನನಗೆ ಅರ್ಥವಾಯಿತು. ಮೆರಿಲ್ ಸ್ಟ್ರೀಪ್ ಅವರ ಅಭಿನಯದಲ್ಲಿ ಆ ಸಂಕಟ ಒಂದಿಷ್ಟೂ ಹುಸಿಯಿಲ್ಲದೆ ಬಂದಿದೆ. ಆಸ್ಕರ್ ಬಂದದ್ದು ನ್ಯಾಯವೇ.

ಆದರೂ ಸಭಾಂಗಣದಲ್ಲಿ ನನಗೆ ಇರುಸುಮುರುಸಾಗುತ್ತಿತ್ತು. ಆಗ ಥ್ಯಾಚರ್ ಬದುಕಿದ್ದರು. 86 ವರ್ಷದ ಒಬ್ಬ ರೋಗಿಯ ಮರೆವನ್ನು, ಆಕೆ ಹೂಂ ಎನ್ನುವ ಅಥವಾ ಬೇಡ ಎನ್ನುವ ಸ್ಥಿತಿಯಲ್ಲಿಲ್ಲದಿರುವಾಗ, ಲೋಕಕ್ಕೆಲ್ಲ ತೋರಿಸುವುದು ಸರಿಯೇ? ಈ ಚಿತ್ರ ಈಗಲೇ ಬೇಕಿತ್ತೇ ಎಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಕೂಡ ಕೇಳಿದ್ದರು. ಅವರ ರಾಜಕೀಯ ನನ್ನದಲ್ಲ, ಈ ಮಾತು ಮಾತ್ರ ನನ್ನದೂ ಹೌದು. ಮಗಳು ತಾಯಿಯ ಕಾಯಿಲೆಯ ಬಗ್ಗೆ ಪುಸ್ತಕದಲ್ಲಿ ಬರೆದಿದ್ದರು, ಗುಟ್ಟೇನೂ ಉಳಿದಿರಲಿಲ್ಲ ಎನ್ನುತ್ತಾರೆ. ಮಗಳು ಬರೆಯುವುದು ಬೇರೆ, ಇನ್ನೊಬ್ಬರು ಟಿಕೆಟ್ ಇಟ್ಟು ತೋರಿಸುವುದು ಬೇರೆ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಮರೆವಿನ ಮುದುಕಿಯ ಕಣ್ಣಿನಿಂದ ಕಥೆ ಹೇಳಹೊರಟ ಮೇಲೆ, ಆ ಹನ್ನೊಂದೂವರೆ ವರ್ಷದ ಆಳ್ವಿಕೆ ಆಕೆಯ ನೆನಪಿನ ಚೂರುಗಳಾಗಿ ಉಳಿಯಿತು. 1984ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಕಾರ್ಟನ್‌ವುಡ್ ಗಣಿಯನ್ನು ಮುಚ್ಚುತ್ತೇವೆಂದು ಸರ್ಕಾರಿ ಮಂಡಳಿ ಹೇಳಿದಾಗ ಹೊತ್ತಿಕೊಂಡ ಮುಷ್ಕರ ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು. ಸಂಬಳವಿಲ್ಲ, ಚಳಿಗಾಲದಲ್ಲಿ ಸುಡಲು ಕಲ್ಲಿದ್ದಲಿಲ್ಲ. ಹೆಂಗಸರು ಊರಿನ ಸಭಾಭವನಗಳಲ್ಲಿ ದೊಡ್ಡ ಪಾತ್ರೆಗಳನ್ನಿಟ್ಟು ಎಲ್ಲರಿಗೂ ಸೇರಿಸಿ ಅಡುಗೆ ಮಾಡಿದರು. ಕೆಲಸಕ್ಕೆ ವಾಪಸಾದ ಅಣ್ಣನ ಜತೆ ತಮ್ಮ ಇಂದಿಗೂ ಮಾತಾಡದ ಮನೆಗಳು ಇಲ್ಲಿವೆ. ಅಂಥ ಇಬ್ಬರನ್ನು ಒಂದೇ ವಾರ್ಡಿನಲ್ಲಿ ಮಲಗಿಸಬೇಡಿ ಎಂದು ದಾದಿಯೊಬ್ಬರು ನನಗೆ ಹೇಳಿದ್ದುಂಟು. ಚಿತ್ರದಲ್ಲಿ ಇದು ಕಾರಿನ ಗಾಜಿಗೆ ಬಡಿಯುವ ಸಿಟ್ಟಿನ ಮುಖಗಳಾಗಿ ಕ್ಷಣಕಾಲ ಕಂಡು ಮಾಯವಾಗುತ್ತದೆ. ಗಾಜಿನ ಒಳಗಿನ ಥ್ಯಾಚರ್ ನಮಗೆ ಕಾಣುತ್ತಾರೆ, ಹೊರಗಿನವನ ಮನೆ ಕಾಣುವುದಿಲ್ಲ. ಆಕೆಯನ್ನು ಮೆಚ್ಚುವವರಿಗೂ ಇದರಿಂದ ಅನ್ಯಾಯವೇ ಆಗಿದೆ. ಗ್ರಾಂಥಮ್‌ನ ದಿನಸಿ ಅಂಗಡಿಯ ಮಹಡಿಯಲ್ಲಿ ಬೆಳೆದು, ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರ ಓದಿದ ಹುಡುಗಿ ಯಾವ ವಾದದಿಂದ ಪಕ್ಷವನ್ನು ಗೆದ್ದರು, ಜನ ಆಕೆಯನ್ನು ಮೂರು ಬಾರಿ ಏಕೆ ಗೆಲ್ಲಿಸಿದರು ಎಂಬುದೂ ಅಲ್ಲಿ ತೆಳುವಾಗಿದೆ. ಮದುವೆಗೆ ಮುಂಚೆ, ಚಹಾ ಬಟ್ಟಲು ತೊಳೆಯುತ್ತ ಸಾಯುವವಳು ನಾನಲ್ಲ ಎಂದಿದ್ದ ಹೆಣ್ಣು ಕೊನೆಗೆ ಒಬ್ಬಳೇ ನಿಂತು ಬಟ್ಟಲು ತೊಳೆಯುತ್ತಾಳೆ. ದೃಶ್ಯ ಮನ ಕಲಕುತ್ತದೆ. ಆದರೆ ಮುಪ್ಪು ಯಾರಿಗಿಲ್ಲ? ನನ್ನ ಗಣಿಯ ರೋಗಿಗೂ ಮುಪ್ಪಿದೆ, ಬಟ್ಟಲು ತೊಳೆಯಲು ಅವರಿಗೆ ಉಸಿರೇ ಇಲ್ಲ.

ಒಂಬತ್ತು ವರ್ಷಗಳ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ, ಜಯಲಲಿತಾ ಅವರ ಕಥೆಯ ‘ತಲೈವಿ’ ಬಂತು. ಇದನ್ನು ನೋಡುವಾಗ ನಾನು ವೈದ್ಯನಾಗಿರಲಿಲ್ಲ, ಮಂಡ್ಯದವನಾಗಿದ್ದೆ. ಆಕೆ ಹುಟ್ಟಿದ್ದು ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, 1948ರ ಫೆಬ್ರುವರಿ 24ರಂದು. ನಾಯಕಿಯಾಗಿ ಮೊದಲು ಕಂಡದ್ದು 1964ರ ‘ಚಿನ್ನದ ಗೊಂಬೆ’ಯಲ್ಲಿ, ಕನ್ನಡದಲ್ಲೇ. ಮುಂದೆ ಕಾವೇರಿಯ ವಿಷಯದಲ್ಲಿ ನಮ್ಮ ಜಿಲ್ಲೆಯ ಎದುರು ನಿಂತದ್ದೂ ಆಕೆಯೇ. ನಮ್ಮೂರ ರೈತರ ಬಾಯಲ್ಲಿ ಆ ಹೆಸರು ಬಂದಾಗಿನ ಸಿಟ್ಟನ್ನು ನಾನು ಬಲ್ಲೆ. ಯಾರ್ಕ್‌ಷೈರ್‌ನ ಗಣಿಯೂರುಗಳಲ್ಲಿ ಥ್ಯಾಚರ್ ಹೆಸರೆತ್ತಿದಾಗ ಅದೇ ಸಿಟ್ಟನ್ನು ಮತ್ತೆ ಕಂಡಿದ್ದೇನೆ.

‘ತಲೈವಿ’ ಎಲ್ಲಿ ಮುಗಿಯುತ್ತದೆ? 1991ರಲ್ಲಿ ಜಯಲಲಿತಾ ಮುಖ್ಯಮಂತ್ರಿಯಾಗುವಲ್ಲಿ. ಅಂದರೆ ಕಥೆ ಶುರುವಾಗಬೇಕಾದ ಜಾಗದಲ್ಲಿ. 1991ರ ಜೂನ್‌ನಲ್ಲಿ ಆಕೆ ಪಟ್ಟಕ್ಕೇರಿದ ಮರುದಿನವೇ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು, ಡಿಸೆಂಬರ್ ಹೊತ್ತಿಗೆ ಬೆಂಗಳೂರು ಹೊತ್ತಿ ಉರಿಯಿತು, 1993ರ ಜುಲೈನಲ್ಲಿ ಆಕೆ ನೀರಿಗಾಗಿ ಮರೀನಾ ದಂಡೆಯಲ್ಲಿ ಉಪವಾಸ ಕುಳಿತರು. ಹೆಣ್ಣು ಶಿಶುಹತ್ಯೆ ತಡೆಯಲು 1992ರಲ್ಲಿ ತಂದ ತೊಟ್ಟಿಲು ಯೋಜನೆ, ಮಹಿಳಾ ಪೊಲೀಸ್ ಠಾಣೆಗಳು, ಒಂದು ರೂಪಾಯಿಗೆ ಇಡ್ಲಿ ಕೊಟ್ಟ ಅಮ್ಮ ಉಣವಗಂ, ಕಾಲಿಗೆ ಬೀಳುವ ಸಚಿವರು, ಅಕ್ರಮ ಆಸ್ತಿಯ ಮೊಕದ್ದಮೆ: ಒಂದೂ ಇಲ್ಲ. ಆಕೆಯ ಶತ್ರುಗಳು ಹೇಳುವುದೂ ಇಲ್ಲ, ಆಕೆಯಿಂದ ಉಂಡವರು ಹೇಳುವುದೂ ಇಲ್ಲ.

ಚಿತ್ರ ಆರಂಭವಾಗುವುದು 1989ರ ಮಾರ್ಚ್ 25ರಂದು ತಮಿಳುನಾಡು ವಿಧಾನಸಭೆಯಲ್ಲಿ ನಡೆದ ಗದ್ದಲದಿಂದ. ಸಭೆಯಲ್ಲಿ ಅವಮಾನಗೊಂಡ ಹೆಣ್ಣು, ಆಕೆಯ ಶಪಥ, ಕೊನೆಗೆ ಜಯ. ದ್ರೌಪದಿಯ ನೆರಳು ಎದ್ದು ಕಾಣುತ್ತದೆ. ಆದರೆ ಗಮಕಿಗಳ ಬಾಯಲ್ಲಿ ಭಾರತ ಕೇಳಿ ಬೆಳೆದ ನಮ್ಮವರಿಗೆ ಗೊತ್ತು, ಮಹಾಭಾರತ ಮುಡಿ ಕಟ್ಟಿದಲ್ಲಿಗೆ ನಿಲ್ಲುವುದಿಲ್ಲ. ಯುದ್ಧ ಮುಗಿದ ಮೇಲೆ ಸ್ತ್ರೀಪರ್ವವಿದೆ, ರಣರಂಗದಲ್ಲಿ ಹೆಂಗಸರು ತಮ್ಮವರ ಹೆಣ ಹುಡುಕುತ್ತಾರೆ. ದ್ರೌಪದಿ ಐವರು ಮಕ್ಕಳನ್ನು ಕಳೆದುಕೊಂಡವಳು. ಗೆದ್ದವರ ಮನೆಯೊಳಗೂ ಸೋತವರ ಮನೆಯೊಳಗೂ ಹೋಗುವ ಧೈರ್ಯ ನಮ್ಮ ಹಿರಿಯ ಕವಿಗಳಿಗಿತ್ತು, ನಮ್ಮ ಸಿನಿಮಾಕ್ಕಿಲ್ಲ.

ಏಕಿಲ್ಲ ಎಂಬುದೂ ಗೊತ್ತಿರುವುದೇ. ‘ತಲೈವಿ’ ಚಿತ್ರೀಕರಣದ ಹೊತ್ತಿಗೇ ಬಂಧುಗಳು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದ್ದರು. ಇಂದಿರಾ ಗಾಂಧಿಯನ್ನು ಹೋಲುವ ನಾಯಕಿ ಇದ್ದಾಳೆಂದು ‘ಆಂಧಿ’ ಚಿತ್ರವನ್ನು ತುರ್ತುಪರಿಸ್ಥಿತಿಯಲ್ಲಿ ತಡೆಹಿಡಿದರು, 1977ರಲ್ಲಿ ಸರ್ಕಾರ ಬದಲಾದ ಮೇಲೆಯೇ ಜನ ಅದನ್ನು ಮತ್ತೆ ನೋಡಿದ್ದು. ಇಲ್ಲಿ ಇನ್ನೂ ಬದುಕಿದ್ದ ಮಾಜಿ ಪ್ರಧಾನಿಯ ಕಾಯಿಲೆಯನ್ನೂ ತೆರೆಗೆ ತಂದರು. ಅಲ್ಲಿ 2016ರಲ್ಲಿ ಜಯಲಲಿತಾ 75 ದಿನ ಆಸ್ಪತ್ರೆಯಲ್ಲಿದ್ದಾಗ ಏಳು ಕೋಟಿ ಜನರ ಮುಖ್ಯಮಂತ್ರಿಯ ಒಂದು ಚಿತ್ರವೂ ಹೊರಬರಲಿಲ್ಲ. ಮಾತಾಡುವ ಸ್ವಾತಂತ್ರ್ಯದ ಮಟ್ಟಿಗೆ ಇಲ್ಲಿಯ ರೀತಿಯೇ ಮೇಲು ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಅಷ್ಟು ಸ್ವಾತಂತ್ರ್ಯ ಇಟ್ಟುಕೊಂಡು ಇವರು ಅಧಿಕಾರ ಕಳೆದುಕೊಂಡ ಮುದುಕಿಯ ಬೀರುವನ್ನು ತೆರೆದರೇ ಹೊರತು, ಅಧಿಕಾರದಲ್ಲಿದ್ದವಳ ಕಡತವನ್ನು ತೆರೆಯಲಿಲ್ಲ. ನಮ್ಮವರು ಪಟ್ಟ ಏರಿದಲ್ಲಿಗೇ ತೆರೆ ಎಳೆದರು, ಇವರು ಪಟ್ಟ ಇಳಿದ ಮೇಲಿನ ಕಥೆ ಹೇಳಿದರು. ನಡುವಿನ ವರ್ಷಗಳಲ್ಲಿ ಬದುಕಿದ ನಾವು ಎರಡರಲ್ಲೂ ಇಲ್ಲ.

2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಆಕೆಗೆ ನಾಲ್ಕು ವರ್ಷದ ಶಿಕ್ಷೆ ಕೊಟ್ಟಿತು. ಮುಖ್ಯಮಂತ್ರಿಯಾಗಿ ಬೆಳಿಗ್ಗೆ ಬಂದವರು ಸಂಜೆಗೆ ಪರಪ್ಪನ ಅಗ್ರಹಾರದ ಕೈದಿ. ಆ ಸಂಜೆ ಊರಿಗೆ ಫೋನ್ ಮಾಡಿದೆ. ಹಿಂದೆ ಯಾರೋ ಗಟ್ಟಿಯಾಗಿ ನಗುತ್ತಿದ್ದರು, ತಮ್ಮ ಉತ್ಸಾಹದಲ್ಲಿದ್ದ. ಕಾಲುವೆಗೆ ನೀರು ಬಾರದೆ ಎರಡು ಸಲ ಭತ್ತ ಒಣಗಿದ ಮನೆ ಅದು. ದೊಡ್ಡಮ್ಮ ಫೋನ್ ಇಸಿದುಕೊಂಡರು.

“ಕೇಳಿದೆಯಾ ಮಗೂ, ನಮ್ಮ ಮೇಲುಕೋಟೆಯ ಹೆಣ್ಣು. ಸಕ್ಕರೆ ಕಾಯಿಲೆ ಬೇರೆ ಇದೆಯಂತೆ. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೋ ಇಲ್ಲವೋ,” ಎಂದರು. ಆಮೇಲೆ ದನಿ ತಗ್ಗಿಸಿ, “ನಮಗಿಷ್ಟು ನೀರು ಬಿಟ್ಟುಕೊಟ್ಟಿದ್ದರೆ ಏನಾಗುತ್ತಿತ್ತು ಅವಳಿಗೆ?” ಎಂದು ಕೇಳಿದರು.