ಖಾರಿಯ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೂಡುವ ಕಳೆಯುವ ಕೆಲಸ ಮಾಡಿ ರಿಟೈರ್ ಆದವನು ನಾನು. ಯಾವ ಕಾಗದ ಕೈಗೆ ಬಂದರೂ ಮೊದಲು ಮೊತ್ತ ಸರಿ ಇದೆಯಾ ಅಂತ ನೋಡುವ ಚಟ. ಹೋಟೆಲ್ ಬಿಲ್ಲು, ಸೊಸೈಟಿಯ ಮೇಂಟೆನೆನ್ಸ್ ಚೀಟಿ, ಮದುವೆಯ ಮುಯ್ಯಿ ಪಟ್ಟಿ, ಯಾವುದನ್ನೂ ಬಿಟ್ಟವನಲ್ಲ. ಹಾಗಾಗಿ ರಕ್ತದ ರಿಪೋರ್ಟು ಬಂದಾಗಲೂ ಗಾಬರಿಯಾಗುವ ಮೊದಲು ಕೂಡಿಸಿದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 146. ಎಚ್‌ಡಿಎಲ್, ಅಂದರೆ ಒಳ್ಳೆಯದು, 42. ಎರಡೂ ಸೇರಿ 188. ಒಟ್ಟು ಕೊಲೆಸ್ಟರಾಲ್ ಅಂತ ಬರೆದದ್ದು ಮಾತ್ರ 224. ಉಳಿದ 36 ಎಲ್ಲಿಂದ ಬಂತು? ರಕ್ತದಲ್ಲಿರುವ ಇನ್ನೊಂದು ಕೊಬ್ಬು, ಟ್ರೈಗ್ಲಿಸರೈಡ್, 180 ಅಂತ ಬೇರೊಂದು ಸಾಲಿತ್ತು. ಅದನ್ನು ಸೇರಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಡಾಕ್ಟರು ನಕ್ಕರು. 180ನ್ನು ಐದರಿಂದ ಭಾಗಿಸಿ ನೋಡಿ ಅಂದರು. 36! ವಿಎಲ್‌ಡಿಎಲ್ ಅಂತ ಮೂರನೆಯ ಬಾಬತ್ತು ಒಂದಿದೆಯಂತೆ. ಅದನ್ನು ಅಳೆಯುವುದಿಲ್ಲ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಅಂತ ಅಂದಾಜು ಹಿಡಿಯುತ್ತಾರೆ. ಅಷ್ಟೇ ಅಲ್ಲ, ಎಷ್ಟೋ ಲ್ಯಾಬುಗಳಲ್ಲಿ ಎಲ್‌ಡಿಎಲ್ ಕೂಡ ಅಳೆದದ್ದಲ್ಲ, ಒಟ್ಟು ಮೊತ್ತದಿಂದ ಉಳಿದದ್ದನ್ನು ಕಳೆದು ಬರೆದದ್ದು. 1972ರಿಂದ ನಡೆದುಕೊಂಡು ಬಂದ ಸೂತ್ರ. ನಮ್ಮ ಭಾಷೆಯಲ್ಲಿ ಅದಕ್ಕೆ ಬ್ಯಾಲೆನ್ಸಿಂಗ್ ಫಿಗರ್ ಅಂತಾರೆ. ನನಗೆ ಭಾರಿ ಸಮಾಧಾನವಾಯಿತು. ಡಾಕ್ಟರಿಗೆ ಆದ ಹಾಗೆ ಕಾಣಲಿಲ್ಲ.

"200ರ ಒಳಗಿದ್ದರೆ ಸರಿ. 240 ಮುಟ್ಟಿದರೆ ಜಾಸ್ತಿ. ನೀವು ಬಾರ್ಡರ್ ಮೇಲೆ ನಿಂತಿದ್ದೀರಿ" ಅಂದರು. ಬಿಪಿ ನೋಡಿದರು, ಸಕ್ಕರೆಯ ಸಾಲಿನ ಮೇಲೆ ಬೆರಳಾಡಿಸಿದರು, ಬೀಡಿ ಸಿಗರೇಟು ಉಂಟಾ ಅಂತ ಕೇಳಿದರು. ಆಮೇಲೆ ಮರಾಠಿಯಲ್ಲಿ ತೀರ್ಪು: "ಗೋಳಿ ನಕೋ. ತೀನ್ ಮಹಿನೇ ಖಾಣ್ಯಾವರ್ ಲಕ್ಷ ದ್ಯಾ." ಮಾತ್ರೆ ಬೇಡ, ಮೂರು ತಿಂಗಳು ತಿನ್ನೋದರ ಮೇಲೆ ನಿಗಾ ಇರಲಿ.

ಮಾತ್ರೆಯಿಲ್ಲದ ಕಾಯಿಲೆಗೆ ಮರ್ಯಾದೆ ಇಲ್ಲ ಅಂತ ಆ ಸಂಜೆಯೇ ಗೊತ್ತಾಯಿತು. ಸೊಸೈಟಿಯ ಬೆಂಚಿನ ಮೇಲೆ ಕೂತವರೆಲ್ಲ ಡಾಕ್ಟರಾದರು. ಒಬ್ಬರು ಹಸಿ ಬೆಳ್ಳುಳ್ಳಿ ಅಂದರು, ಇನ್ನೊಬ್ಬರು ಬಿಸಿನೀರಿಗೆ ನಿಂಬೆಹಣ್ಣು. ಮೂರನೆಯವರು "224 ಅಷ್ಟೇನಾ? ನಂದು 270" ಅಂತ ಹೆಮ್ಮೆಯಿಂದ ಹೇಳಿ ನನ್ನ ಬಾಯಿ ಮುಚ್ಚಿಸಿದರು.

ಬಾರ್ಡರ್ ನಮ್ಮ ಮನೆಗೆ ಹೊಸದೇನಲ್ಲ. ನಾನು ಗದಗಿನವನು. ಹೆಂಡತಿಯ ಮೂಲ ಉಡುಪಿ ಕಡೆ, ಬೆಳೆದದ್ದು ಮುಂಬೈಯ ಮಾಟುಂಗಾದಲ್ಲಿ. ಮದುವೆಯಾದ ಲಾಗಾಯ್ತು ನಮ್ಮ ಅಡುಗೆಮನೆಯಲ್ಲಿ ಶೇಂಗಾಕ್ಕೂ ತೆಂಗಿನಕಾಯಿಗೂ ಗಡಿ ತಂಟೆ. ರಿಪೋರ್ಟು ಕೈಯಲ್ಲಿ ಹಿಡಿದು ಒಳಗೆ ಹೋದವನಿಗೆ, ಸುಪ್ರೀಂ ಕೋರ್ಟಿನಿಂದ ಆರ್ಡರ್ ತಂದ ಗತ್ತು.

"ತೆಂಗಿನಕಾಯಿಯಲ್ಲಿ ಕೊಲೆಸ್ಟರಾಲ್ ಎಲ್ಲಿಂದ ಬರಬೇಕು?" ಅಂತ ಅವಳು ಕೇಳಿದಳು. ಅವಳು ಹೇಳಿದ್ದು ಸರಿಯೇ. ಅದು ಪ್ರಾಣಿಗಳ ಮೈಯಲ್ಲಿ ಆಗುವ ವಸ್ತು, ಗಿಡಮರದ ಎಣ್ಣೆಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಎಣ್ಣೆ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಅಂತ ದಪ್ಪಕ್ಷರದಲ್ಲಿ ಬರೆಯುವುದು, ಹಾಲಿನ ಪ್ಯಾಕೆಟ್ಟಿನ ಮೇಲೆ ‘ಇದರಲ್ಲಿ ಮೀನಿನ ಮುಳ್ಳಿಲ್ಲ’ ಅಂತ ಬರೆದ ಹಾಗೆ. ಆದರೆ ತೆಂಗಿನ ಎಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ ಹತ್ತಿರ ಹತ್ತಿರ 90 ಪಾಲು ಸ್ಯಾಚುರೇಟೆಡ್ ಜಾತಿಯದು. ತೊಂದರೆ ಅಲ್ಲಿದೆ. ಮೈಯೊಳಗಿನ ಕೊಲೆಸ್ಟರಾಲಿನಲ್ಲಿ ಬಹುಪಾಲು ನಾವು ತಿಂದದ್ದಲ್ಲ, ಮೈಯೇ ಮಾಡಿಕೊಂಡದ್ದು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ಲನ್ನು ಒಳಗೆ ಎಳೆದುಕೊಳ್ಳಲು ಲಿವರಿನಲ್ಲಿ ಕೌಂಟರುಗಳಿವೆ. ಅವನ್ನು ಪತ್ತೆ ಮಾಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಕೌಂಟರುಗಳು ಕಡಿಮೆಯಾಗುತ್ತವೆ. ಪಿಂಚಣಿಯ ದಿನ ಎರಡು ಕೌಂಟರಿಗೆ ಬೋರ್ಡು ತಗುಲಿಸಿದರೆ ಕ್ಯೂ ರಸ್ತೆಯವರೆಗೆ ಬೆಳೆಯುವುದನ್ನು ನಾನೇ ಎಷ್ಟು ಸಲ ನೋಡಿಲ್ಲ!

"ನಮ್ಮ ಅಜ್ಜಿ ದಿನಾ ಕಾಯಿ ಅರೆದು ತಿಂದೇ ತೊಂಬತ್ತಾರು ವರ್ಷ ಬದುಕಿದ್ದು."

"ಅಜ್ಜಿ ದಿನಾ ಬಾವಿಯಿಂದ ನೀರು ಸೇದ್ತಿದ್ರಲ್ಲ?"

"ನೀವೂ ಸೇದಿ. ಯಾರು ಬೇಡ ಅಂದ್ರು?"

ಡೊಂಬಿವಲಿಯಲ್ಲಿ ನಮಗೆ ನೀರು ಬರುವುದು ಪೈಪಿನಿಂದ, ತಪ್ಪಿದರೆ ಟ್ಯಾಂಕರಿನಿಂದ. ಕೊನೆಗೆ ರಾಜಿಯಾಯಿತು. ಒಗ್ಗರಣೆಗೆ ಶೇಂಗಾ ಎಣ್ಣೆ. ಕಾಯಿ ವಾರಕ್ಕೆ ಎರಡು ದಿನ. ನನ್ನ ಕಡೆಯ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ದಿನಾ ತಟ್ಟೆಗೆ ಬಂತು. ಬೆಳಿಗ್ಗೆ ಓಟ್ಸ್. ಅದರ ರುಚಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಗೋಡೆಗೆ ಪೋಸ್ಟರು ಹಚ್ಚಬಹುದು. ಆದರೆ ಅದರ ಅಂಟಿಗೇ ಬೆಲೆ. ಲಿವರ್ ಕೊಲೆಸ್ಟರಾಲಿನಿಂದ ಪಿತ್ತ ಮಾಡುತ್ತದೆ, ಆ ಅಂಟು ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತಕ್ಕೆ ಮತ್ತೆ ಕೊಲೆಸ್ಟರಾಲ್ ಬೇಕಲ್ಲ, ಮುಚ್ಚಿದ ಕೌಂಟರು ತೆರೆಯಲೇಬೇಕು.

ಇಷ್ಟಾದ ಮೇಲೆ ಡಾಕ್ಟರು ಹೇಳಿದ್ದರು ಅಂತ ಒಂದು ವಾರ ತಿಂದದ್ದನ್ನೆಲ್ಲ ಹಳೆಯ ಡೈರಿಯಲ್ಲಿ ಬರೆದಿಟ್ಟೆ. ಭಾನುವಾರ ಕೂಡಿಸಿದೆ. ತಲೆ ತಿರುಗಿತು. ಕಳ್ಳ ತೆಂಗಿನಕಾಯಿ ಅಲ್ಲ, ಮಾಟುಂಗಾದಲ್ಲಿ ಎಂದೋ ಒಮ್ಮೆ ತಿನ್ನುವ ಬೆಣ್ಣೆ ದೋಸೆಯೂ ಅಲ್ಲ. ಖಾರಿ! ಬೆಳಿಗ್ಗೆ ನಾಲ್ಕು, ಸಂಜೆ ಮೂರು. ವಾರಕ್ಕೆ ನಲವತ್ತೊಂಬತ್ತು.

ಮುಂಬೈ ಕಡೆ ಇದ್ದವರಿಗೆ ಖಾರಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಹೊತ್ತಿಗೆ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಭೈಯಾ ಬರುತ್ತಾನೆ. ಹಾಳೆ ಹಾಳೆಯಾಗಿ ಎದ್ದ ಬಿಸ್ಕತ್ತು. ಚಾದಲ್ಲಿ ಅದ್ದಿ, ಮೆತ್ತಗಾಗುವ ಮುಂಚಿನ ಗಳಿಗೆಯಲ್ಲಿ ಎತ್ತಬೇಕು. ಒಂದು ಕ್ಷಣ ತಡವಾದರೆ ಅರ್ಧ ತಳ ಸೇರುತ್ತದೆ. ಆ ಕೈಚಳಕ ನನಗೆ ಒಲಿಯಲು ಎರಡು ವರ್ಷ ಹಿಡಿದಿತ್ತು. ತಿನ್ನುವಾಗ ಎಷ್ಟು ಹಗುರ! ಅದರ ಮೇಲೆ ಅನುಮಾನ ಬರುವುದು ಹೇಗೆ? ಆದರೆ ಹಾಳೆಗೂ ಹಾಳೆಗೂ ನಡುವೆ ಗಟ್ಟಿ ಕೊಬ್ಬು ಸವರದಿದ್ದರೆ ಅದು ಹಾಗೆ ಏಳುವುದೇ ಇಲ್ಲ. ಸಾಮಾನ್ಯವಾಗಿ ಡಾಲ್ಡಾ ಜಾತಿಯದೇ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು, ಟ್ರಾನ್ಸ್ ಫ್ಯಾಟ್, ಎಣ್ಣೆ, ವನಸ್ಪತಿಗಳಲ್ಲಿ ಶೇಕಡಾ 2 ಮೀರಬಾರದು ಅಂತ 2022ರ ಜನವರಿಯಿಂದ ನಿಯಮವೇನೋ ಇದೆ. ಸ್ಯಾಚುರೇಟೆಡ್ ಕೊಬ್ಬು ಎಲ್ಲಿಗೆ ಹೋಗುತ್ತದೆ?

ತೆಂಗಿನಕಾಯಿಗೆ ಕ್ಷಮೆ ಕೇಳಲಿಲ್ಲ. ಡೈರಿಯನ್ನೂ ಹೆಂಡತಿಗೆ ತೋರಿಸಲಿಲ್ಲ. ಆದರೆ ಅದು ಅವಳ ಕೈಗೆ ಹೇಗೋ ಸಿಕ್ಕಿತು. ವಾರಕ್ಕೆ ಎರಡಿದ್ದ ಕಾಯಿ ನಾಲ್ಕು ದಿನಕ್ಕೆ ಏರಿತು. ಮರುದಿನದಿಂದ ಚಾಕ್ಕೆ ಒಂದು ಹಿಡಿ ಹುರಿಗಡಲೆ, ಸಕ್ಕರೆ ಅರ್ಧ ಚಮಚ.

ಮೂರು ತಿಂಗಳಾಯಿತು. ಎಲ್‌ಡಿಎಲ್ 132, ಎಚ್‌ಡಿಎಲ್ 43, ಟ್ರೈಗ್ಲಿಸರೈಡ್ 160. ಐದರಿಂದ ಭಾಗಿಸಿ 32 ಸೇರಿಸಿದೆ: 207. ಮೊತ್ತ ಸರಿ, ಬಾರ್ಡರೂ ಹಾಗೇ ಇದೆ. ಡಾಕ್ಟರು "ಅಜೂನ್ ತೀನ್ ಮಹಿನೇ" ಅಂದರು. "ನೀನೂ ಒಮ್ಮೆ ರಕ್ತ ಕೊಟ್ಟು ನೋಡೇ" ಅಂತ ಹೆಂಡತಿಗೆ ಹೇಳಿದೆ. "ನಂಗೇನಾಗಿದೆ?" ಅಂದಳು.

ಮನೆಯಲ್ಲಿ ಖಾರಿ ಪೂರ್ತಿ ಬಂದ್ ಆಗಿಲ್ಲ. ನೆಂಟರು ಬಂದರೆ ಇರಲಿ ಅಂತ ಮೇಲಿನ ಶೆಲ್ಫಿನಲ್ಲಿ ಒಂದು ಡಬ್ಬಿ ಇದೆ. ಸೋಮವಾರ ಎಣಿಸಿದಾಗ 12 ಇದ್ದವು. ಇವತ್ತು 7. ನೆಂಟರು ಯಾರೂ ಬಂದಿಲ್ಲ. ಒಂದು ನಾನು ತಿಂದದ್ದು, ಒಪ್ಪುತ್ತೇನೆ. ಉಳಿದ ನಾಲ್ಕು ಯಾವ ಬಾಬತ್ತಿಗೆ ಹೋದವು ಅಂತ ಕೇಳಲು ಅಡುಗೆಮನೆಯ ಬಾಗಿಲವರೆಗೆ ಹೋದೆ. ಅವಳು ಆ ಕಡೆ ತಿರುಗಿ ಚಾ ಕುಡಿಯುತ್ತಿದ್ದಳು. ಸೆರಗಿನ ಮೇಲೆ ಸಣ್ಣ ಸಣ್ಣ ಹಾಳೆಗಳಿದ್ದವು. ಬ್ಯಾಲೆನ್ಸಿಂಗ್ ಫಿಗರ್ ಅಂದುಕೊಂಡು ಸುಮ್ನೆ ವಾಪಸ್ ಬಂದೆ.