ವೈರಲ್ ಜ್ವರದ ನಂತರದ ಬಳಲಿಕೆಗೆ ಕೊಡಗಿನಲ್ಲಿ ಪ್ರತ್ಯೇಕ ಚಿಕಿತ್ಸಾ ದಿನ ಬೇಕೆ?

ಪರ

ಮಡಿಕೇರಿಯ ನಮ್ಮ ಮನೆಯಿಂದ ಶಾಲೆಗೆ ಹೋಗುವ ಏರುದಾರಿಯ ಮೊದಲ ತಿರುವಿನಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. 2022ರ ಆರಂಭದಲ್ಲಿ ಕೋವಿಡ್ ಬಂದು ಐದೇ ದಿನಗಳಲ್ಲಿ ಜ್ವರ ಬಿಟ್ಟಿದ್ದ ನನ್ನ ಹನ್ನೊಂದು ವರ್ಷದ ಮಗ, ಆ ಮಳೆಗಾಲದಲ್ಲಿ ದಿನವೂ ಅಲ್ಲಿ ಚೀಲವಿಳಿಸಿ, ಕೊಡೆಯನ್ನೂ ನೆಟ್ಟಗೆ ಹಿಡಿಯಲಾರದೆ ತೋಯುತ್ತ ಕೂರುತ್ತಿದ್ದ. ಶಾಲೆಯಲ್ಲಿ ಅವನನ್ನು ಸೋಮಾರಿ ಎಂದರು. ತೋರಿಸಿದ ಕಡೆಯಲ್ಲೆಲ್ಲ ರಕ್ತಪರೀಕ್ಷೆ ಸರಿಯಿದೆಯೆಂದು ಟಾನಿಕ್ ಬರೆದುಕೊಟ್ಟರು. ಒಂದು ಸಂಜೆ ಆಡಿದರೆ ಮರುದಿನ ಹಾಸಿಗೆ ಬಿಟ್ಟೇಳಲಾಗದ ಮಗುವನ್ನು ಇನ್ನಷ್ಟು ಓಡಿಸಿ, ಮೈ ಗಟ್ಟಿಯಾಗುತ್ತದೆ ಎಂದರು. ನಾನು ನಂಬಿ ಓಡಿಸಿದೆ. ಎರಡು ವಾರ ಶಾಲೆ ತಪ್ಪಿತು.

ದೀರ್ಘಕಾಲದ ಕೋವಿಡ್ ಎಂಬ ಈ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಯಸ್ಕರಿಗಾಗಿಯೂ 2023ರಲ್ಲಿ ಮಕ್ಕಳಿಗಾಗಿಯೂ ವ್ಯಾಖ್ಯೆ ನೀಡಿದೆ. ಮಕ್ಕಳಲ್ಲಿ ಸೋಂಕಿನ ಮೂರು ತಿಂಗಳೊಳಗೆ ತೋರಿ, ಕನಿಷ್ಠ ಎರಡು ತಿಂಗಳು ಉಳಿಯುವ ಲಕ್ಷಣಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದೊಡ್ಡವರು ‘ಜ್ವರಕ್ಕೆ ಮೊದಲು ನಾನು ಹೀಗಿರಲಿಲ್ಲ’ ಎಂದಾದರೂ ಹೇಳಬಲ್ಲರು. ಬೆಳೆಯುವ ಮಗುವಿಗೆ ತನ್ನ ಹಿಂದಿನ ಶಕ್ತಿಯ ಅಳತೆಯೇ ಇರುವುದಿಲ್ಲ.

ಮಾತು ಕೋವಿಡ್ ಒಂದರದ್ದೂ ಅಲ್ಲ. ಚಿಕುನ್‌ಗುನ್ಯಾದ ಕೀಲುನೋವು ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ. ಬೆರಳು ಮಡಚಲಾಗದವರು ರೊಬಸ್ಟಾ ಕಾಫಿಯ ಕೊಯ್ಲಿನಲ್ಲಿ ಯಾವ ಕೂಲಿ ಪಡೆದಾರು?

ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಅರ್ಧ ದಿನ ಸಾಕು. ಮಲಗಿದ್ದಾಗಿನ ನಾಡಿಬಡಿತವನ್ನೂ ಎದ್ದು ನಿಂತ ಹತ್ತು ನಿಮಿಷಗಳ ಬಡಿತವನ್ನೂ ಎಣಿಸಬೇಕು; ನಿಮಿಷಕ್ಕೆ ವಯಸ್ಕರಲ್ಲಿ 30, ಹದಿಹರೆಯದವರಲ್ಲಿ 40 ಬಡಿತ ಏರಿ ಇಳಿಯದಿದ್ದರೆ ತಲೆಸುತ್ತಿಗೆ ಕಾರಣದ ಸುಳಿವು ಸಿಗುತ್ತದೆ. ಇದಕ್ಕೆ ಬೇಕಾದದ್ದು ಮಂಚ, ಗಡಿಯಾರ ಮತ್ತು ಕೇಳುವ ವ್ಯವಧಾನ. ಬೇರೆ ಕಾಯಿಲೆ ತಪ್ಪಿಹೋದೀತು ಎನ್ನುವವರು ಐದು ನಿಮಿಷದಲ್ಲಿ ಟಾನಿಕ್ ಬರೆದು ಕಳುಹಿಸುವವರೇ.

ವಿರೋಧ

ಈ ಪಕ್ಷವನ್ನು ಬರೆಯಬೇಕೆಂದು ವೈದ್ಯನಾದ ನನ್ನನ್ನು ಕೇಳಲಾಗಿದೆ. ಬಳಲಿಕೆ ನಿಜವಲ್ಲವೆಂದು ನಾನು ಹೇಳಲಾರೆ. ಪ್ರತ್ಯೇಕ ದಿನವೆಂಬ ಏರ್ಪಾಡನ್ನಷ್ಟೇ ಒಪ್ಪುವುದಿಲ್ಲ. ದೀರ್ಘಕಾಲದ ಕೋವಿಡ್ಡನ್ನು ದೃಢಪಡಿಸುವ ಒಂದು ಪರೀಕ್ಷೆ ಇಲ್ಲ. ರಕ್ತಹೀನತೆ, ಥೈರಾಯ್ಡ್, ಕ್ಷಯಗಳನ್ನು ಹೊರಗಿಟ್ಟ ಮೇಲೆಯೇ ಆ ಹೆಸರು ಹೇಳಬೇಕು. ಬಾಗಿಲಿಗೆ ಫಲಕ ತೂಗಿದರೆ ಸುಸ್ತಾದವರೆಲ್ಲ ಅದೇ ಹೆಸರನ್ನು ಹೊತ್ತು ಒಳಗೆ ಬರುತ್ತಾರೆ.

ವಿರಾಜಪೇಟೆ ಕಡೆಯ ತೋಟದ ಕೂಲಿಕಾರರ ಲೈನ್ ಮನೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಡೆಂಗಿಯ ನಂತರ ಮೈಯಲ್ಲಿ ಬಲವಿಲ್ಲ ಎಂದಳು. ಮನೆಯವರೂ ಅದನ್ನೇ ನಂಬಿ ನಾಲ್ಕು ತಿಂಗಳು ಕಾದಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಂತೆ ಬಿಳಿ. ಹಿಮೋಗ್ಲೋಬಿನ್ ಬರೀ 6 ಗ್ರಾಂ ಇತ್ತು, ಕಾರಣ ವರ್ಷಗಳಿಂದ ಆಗುತ್ತಿದ್ದ ಅತಿಯಾದ ಮುಟ್ಟಿನ ಸ್ರಾವ. ಜ್ವರದ ನೆಪ ಅದನ್ನು ಮುಚ್ಚಿಟ್ಟಿತ್ತು. ಕಬ್ಬಿಣಾಂಶದ ಚಿಕಿತ್ಸೆಯಾಗಿ ಮುಂದಿನ ಕೊಯ್ಲಿನ ಹೊತ್ತಿಗೆ ಅವಳು ಚೀಲ ಹೊರುತ್ತಿದ್ದಳು.

ಆ ಹುಡುಗನ ಶಾಲೆಗೆ ಒಂದು ಪತ್ರ ಬರೆದುಕೊಡಬೇಕಿತ್ತು ಎಂಬುದು ಸರಿ. ಅದನ್ನು ಸೋಮವಾರವೂ ಬರೆಯಬಹುದು, ಶನಿವಾರವೂ ಬರೆಯಬಹುದು.