ಕಿವಿ ಮುಟ್ಟಿದ್ದಕ್ಕೆ 13 ತಿಂಗಳು

ಜೂನ್ 1ರ ಬೆಳಿಗ್ಗೆ ಐದೂಮುಕ್ಕಾಲಿಗೇ ಫೋನ್ ಕುಂಯ್ಗುಟ್ಟಿತು. ಬ್ಯಾಂಕಿನವರು. ಅರವತ್ತು ತುಂಬಿದ್ದಕ್ಕೆ ಶುಭಾಶಯ, ನೀವಿನ್ನು ಹಿರಿಯ ನಾಗರಿಕರು, ಬನ್ನಿ ಠೇವಣಿ ಇಡಿ ಅಂತ. ಅದರ ಹಿಂದೆಯೇ ಇನ್ಶೂರೆನ್ಸ್ ಏಜೆಂಟು, ಯಾವತ್ತೋ ಒಂದು ಸಲ ಮೂಗುತಿ ಕೊಂಡಿದ್ದ ಚಿನ್ನದಂಗಡಿ, ಕನ್ನಡಕದಂಗಡಿ. ಹಲ್ಲಿನ ಡಾಕ್ಟರು ಕೇಕಿನ ಚಿತ್ರ ಕಳಿಸಿದ್ದರು. ಕೇಕ್ ತಿನ್ನಬೇಡಿ ಅಂತ ಹೇಳಿದ್ದವರೂ ಅವರೇ.

ಇಷ್ಟು ಜನ ನೆನೆಸಿಕೊಂಡರಲ್ಲ ಅಂತ ಖುಷಿಪಡಬಹುದಿತ್ತು. ಆದರೆ ನಾನು ಹುಟ್ಟಿದ್ದು ಜೂನ್ 1ರಂದು ಅಲ್ಲ. ಆ ವರ್ಷವೂ ಅಲ್ಲ.

ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಲ್ಲೂ ಅರ್ಧ ಜನ ಜೂನ್ 1ರವರೇ ಅಲ್ವಾ? 1971. ಇನ್ನೂ ಮೈಸೂರು ರಾಜ್ಯ. ನನಗೆ ಐದು ತುಂಬಿರಲಿಲ್ಲ. ಮನೆಯಲ್ಲಿ ನನ್ನ ಕಾಟ ತಡೆಯಲಾಗದೆ ಅಪ್ಪ ಕೈಹಿಡಿದು ಸ್ಕೂಲಿಗೆ ಕರೆದುಕೊಂಡು ಹೋದರು. ಆಗ ವಯಸ್ಸಿಗೆ ಇದ್ದ ಪುರಾವೆ ಒಂದೇ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ನನ್ನ ಬೆರಳು ನೆತ್ತಿ ದಾಟಿ ಅಲ್ಲೇ ನಿಂತುಬಿಟ್ಟಿತು. ಹೆಡ್‌ಮೇಷ್ಟ್ರು ಅಪ್ಪನ ಮುಖ ನೋಡಿದರು. ಪಾಪ ಅನ್ನಿಸಿರಬೇಕು, ನನ್ನ ಎಡಗಿವಿ ಹಿಡಿದು ಮೇಲಕ್ಕೆ ಜಗ್ಗಿ ಬೆರಳಿಗೆ ತಾಗಿಸಿದರು. ನಾನು ಕಿರುಚಿದೆ. ಅಡ್ಮಿಷನ್ ಆಯಿತು. ರಿಜಿಸ್ಟರಿನಲ್ಲಿ 1-6-1965 ಅಂತ ಬರೆದರು.

ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಹದಿನಾಲ್ಕು ಮಕ್ಕಳದ್ದೂ ಜೂನ್ 1. ರಿಜಿಸ್ಟರ್ ನಂಬುವುದಾದರೆ ಅವತ್ತು ನಮ್ಮೂರ ಸೂಲಗಿತ್ತಿಗೆ ನೀರು ಕುಡಿಯಲೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ಅಮ್ಮನ ಲೆಕ್ಕ ಬೇರೆ. "ಶಾಸ್ತ್ರಿಗಳು ತೀರ್ಕೊಂಡಾಗ ನೀನು ಹೊಟ್ಟೇಲಿದ್ದೆ. ಆರಿದ್ರಾ ಮಳೆ ಹಿಡ್ಕೊಂಡ ಮೂರನೇ ದಿನ, ಹೆಂಚು ಸೋರ್ತಿತ್ತು, ಆಗ ಹುಟ್ಟಿದೆ." ಲಾಲ್ ಬಹದ್ದೂರ್ ಶಾಸ್ತ್ರಿ ತೀರಿಕೊಂಡಿದ್ದು 1966ರ ಜನವರಿಯಲ್ಲಿ. ಅಂದರೆ ನಾನು 1966ರ ಜೂನ್ ಕೊನೆಯವನು. ನನಗೀಗ ಐವತ್ತೊಂಬತ್ತೂ ತುಂಬಿಲ್ಲ.

ಆದರೂ ಮೇ 31ಕ್ಕೆ ರಿಟೈರ್ ಆದೆ. ಜೂನ್ 1ಕ್ಕೂ ಅಲ್ಲ ನೋಡಿ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ಹೊರಡಬೇಕು, ರೂಲ್ಸು. ಮೇಷ್ಟ್ರು ಜೂನ್ 2 ಅಂತ ಬರೆದಿದ್ದರೆ ಇನ್ನೊಂದು ತಿಂಗಳ ಸಂಬಳ ಬರುತ್ತಿತ್ತು. ನಮ್ಮ ಆಫೀಸಿನಲ್ಲಿ ಅವತ್ತು ಹೊರಟವರು ನಾಲ್ಕು ಜನ. ಮೈಸೂರು ಪೇಟ ಮೂರೇ ತಂದಿದ್ದರು. ಫೋಟೋಗೆ ಅಂತ ಒಬ್ಬರ ತಲೆಯಿಂದ ತೆಗೆದು ನನ್ನ ತಲೆಗೆ ಇಟ್ಟರು. ಅದು ಕಣ್ಣಿನ ಮೇಲೆ ಕೂತಿತು. 36 ವರ್ಷದ ಸರ್ವೀಸಿನ ಕೊನೇ ಫೋಟೋದಲ್ಲಿ ನನ್ನ ಮೂಗು, ಬಾಯಿ ಮಾತ್ರ ಇದೆ.

ಇದನ್ನೆಲ್ಲ ಹೇಗೋ ಮರೆಯಬಹುದಿತ್ತು. ಭಾವ ಬಿಡಬೇಕಲ್ಲ.

ಭಾವ ಅಂದರೆ ನಮ್ಮಕ್ಕನ ಗಂಡ. ಅವರಿಗೊಂದು ಚಟ. ನನ್ನನ್ನು ಕಂಡ ಕೂಡಲೇ ಫೋನಿನ ಕ್ಯಾಲ್ಕುಲೇಟರ್ ತೆಗೆಯುತ್ತಾರೆ. "ನಿಂಗೆ ಎಷ್ಟು ತಿಂಗಳು ಲಾಸಾಯ್ತಯ್ಯಾ?" 13 ತಿಂಗಳು ಅಂತ ಅವರಿಗೆ ಗೊತ್ತು. ಆದರೂ ನನ್ನ ಬಾಯಿಂದಲೇ ಬರಬೇಕು. ಬೇಸಿಕ್ ಇಂಟು 13. ಅದರ ಮೇಲೆ ಡಿಎ. ಅದರ ಮೇಲೆ ಮನೆ ಬಾಡಿಗೆ ಭತ್ಯೆ. ತಪ್ಪಿದ ಇನ್‌ಕ್ರಿಮೆಂಟು. ಅದರಿಂದ ಪೆನ್ಷನ್ನಿಗೆ ಬಿದ್ದ ಪೆಟ್ಟು. ಕೊನೆಗೆ ಮೊತ್ತವನ್ನು ಸಾಲದ ನೋಟೀಸು ಓದುವ ಹಾಗೆ ಗಟ್ಟಿಯಾಗಿ ಓದಿ, "ಒಂದು ಕಿವಿಗೆ ಇಷ್ಟು ದುಡ್ಡು!" ಅನ್ನುತ್ತಾರೆ. ಗೃಹಪ್ರವೇಶದಲ್ಲಿ ಓದಿದರು. ನಾಮಕರಣದಲ್ಲಿ ಓದಿದರು. ಒಂದು ತಿಥಿ ಊಟದಲ್ಲಿ, ವಡೆ ಬಡಿಸುವವನನ್ನು ನಿಲ್ಲಿಸಿಕೊಂಡು ಓದಿದರು. ಅವನು ನನ್ನ ಎಲೆಗೆ ಇನ್ನೊಂದು ವಡೆ ಹಾಕಿ ಮುಂದೆ ಹೋದ.

ತಿದ್ದಿಸಬೇಕಿತ್ತು ಅಂತ ಬೇರೆ ಬುದ್ಧಿ ಹೇಳುತ್ತಾರೆ. ಹುಟ್ಟಿದ ತಾರೀಖು ತಿದ್ದಿಸಲು ಸರ್ವೀಸಿನ ಮೊದಲ ಮೂರು ವರ್ಷದಲ್ಲೇ ಕೇಳಬೇಕು, 1974ರ ಕಾಯ್ದೆ. ಇಪ್ಪತ್ತಮೂರರ ಹುಡುಗನಿಗೆ ರಿಟೈರ್ಮೆಂಟಿನ ಯೋಚನೆ ಬಂದರೆ ಅವನನ್ನು ಡಾಕ್ಟರಿಗೆ ತೋರಿಸಬೇಕಷ್ಟೇ.

ಭಾವನದ್ದು ಉಲ್ಟಾ ಕಥೆ. ಅವರೂರಿನ ಹೆಡ್‌ಮೇಷ್ಟ್ರು ಅವರ ಸೋದರಮಾವ. ನಿಜವಾಗಿ 61 ದಾಟಿದ ಭಾವನಿಗೆ ದಾಖಲೆಯಲ್ಲಿ 59. ಮುಂದಿನ ವರ್ಷದವರೆಗೂ ಸಂಬಳ.

ಮೊನ್ನೆ ಹಾಸನದಿಂದ ಮೈಸೂರಿಗೆ ಬಸ್ಸಿನಲ್ಲಿ ಹೊರಟಿದ್ದೆವು. ನಾನು, ನನ್ನ ಹೆಂಡತಿ, ಭಾವ. ಹೆಂಡತಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. 2023ರಿಂದ ಆಕೆ ಟಿಕೆಟನ್ನು ಬಳೆಯ ಸಂದಿಗೆ ಸಿಕ್ಕಿಸಿಕೊಂಡು ನನ್ನ ಕಡೆ ನೋಡುವ ನೋಟವೇ ಬೇರೆ. ನಾನು ಆಧಾರ್ ಕಾರ್ಡ್ ತೋರಿಸಿದೆ. ಹಿರಿಯ ನಾಗರಿಕ, 25 ಪರ್ಸೆಂಟ್ ಕಮ್ಮಿ. ಕಂಡಕ್ಟರ್ ಭಾವನ ಬೆಳ್ಳಿ ತಲೆ ನೋಡಿ ತಾನೇ, "ಯಜಮಾನ್ರೇ, ನಿಮ್ಮ ಕಾರ್ಡು ಕೊಡಿ" ಅಂದ. ಭಾವ ಕೊಟ್ಟರು. ಆತ ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ. "ಇದ್ರಲ್ಲಿ ಇನ್ನೂ ಹುಡುಗ್ರು ನೀವು. ಫುಲ್ ಟಿಕೆಟ್."

ನಾನು ಫೋನ್ ತೆಗೆದು ಕ್ಯಾಲ್ಕುಲೇಟರ್ ಒತ್ತಿದೆ. "ಭಾವ, ಹಾಸನದಿಂದ ಮೈಸೂರಿಗೆ ಎಷ್ಟು ಲಾಸಾಯ್ತು ನಿಮಗೆ?" ಹೊಳೆನರಸೀಪುರ ದಾಟುವವರೆಗೆ ಅವರು ಮಾತಾಡಲಿಲ್ಲ. ಅರವತ್ತರ ಒಂದೇ ಒಂದು ಸುಖ ಇದು, ಸುಮ್ನೆ ಬಿಡಲಾಗುತ್ತದೆಯೇ? ರೈಲಿನ ರಿಯಾಯಿತಿಯನ್ನು 2020ರಲ್ಲೇ ನಿಲ್ಲಿಸಿ ಕೂತಿದ್ದಾರೆ.

ಷಷ್ಟಿಪೂರ್ತಿ ಶಾಂತಿ ಮಾಡಿಸೋಣ ಅಂತ ಅಕ್ಕನಿಗೆ ಆಸೆ. ಪುರೋಹಿತರು ಫೋನಿನಲ್ಲೇ ನಕ್ಷತ್ರ ಕೇಳಿದರು. ಆರಿದ್ರಾ ಅಂದೆ. "ಅದು ಮಳೆ ನಕ್ಷತ್ರ ಸ್ವಾಮಿ. ಹುಟ್ಟಿದ ನಕ್ಷತ್ರ ಹೇಳಿ." ಗೊತ್ತಿಲ್ಲ ಅಂದೆ. ಸಂವತ್ಸರ? ಸ್ಕೂಲಿನವರ ಪ್ರಕಾರ ವಿಶ್ವಾವಸು, ಅಮ್ಮನ ಪ್ರಕಾರ ಪರಾಭವ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಾಯಿಯವರನ್ನೇ ಒಂದು ಮಾತು ಕೇಳಿ" ಅಂದರು.

ಅಮ್ಮ ಹೋಗಿ ಏಳು ವರ್ಷ. ಜೂನ್ 1ಕ್ಕೆ ಆಕೆ ಒಂದು ದಿನವೂ ಏನೂ ಮಾಡಿದವಳಲ್ಲ. ಆರಿದ್ರಾ ಹಿಡಿದ ಮೂರನೇ ದಿನ, ಮಳೆ ಬರಲಿ ಬಿಡಲಿ, ಹೆಸರುಬೇಳೆ ಪಾಯಸ. ಯಾಕೆ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಲೋಟ ಕೈಗೆ ಕೊಡುತ್ತಿದ್ದಳು. ಅವಳಿಲ್ಲದ ಮೇಲೆ ಆ ದಿನ ಎಷ್ಟೋ ಸಲ ಯಾವುದೋ ಮೀಟಿಂಗಿನಲ್ಲಿ ಕಳೆದುಹೋಗಿದೆ. ಸಂಜೆ ಹೊತ್ತಿಗೆ ನೆನಪಾಗುತ್ತದೆ. ಈ ವರ್ಷ ಮೀಟಿಂಗ್ ಇಲ್ಲ. ಹೆಸರುಬೇಳೆ ತಂದಿಟ್ಟಿದ್ದೇನೆ.

ನಿನ್ನೆ ಭಾವ ಮತ್ತೆ ಬಂದರು. ಕ್ಯಾಲ್ಕುಲೇಟರ್ ತೆಗೆಯಲಿಲ್ಲ. ಕಾಫಿ ಕುಡಿದರು, ಮಳೆ ಬಗ್ಗೆ ಮಾತಾಡಿದರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ ಕೇಳಿದರು. "ನಿಂಗೆ ಬ್ಯಾಂಕಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತಲ್ಲಯ್ಯಾ. ನಂದೊಂದೆರಡು ಲಕ್ಷ ಇದೆ. ನಿನ್ನ ಹೆಸ್ರಲ್ಲಿ ಇಡ್ತೀಯಾ?"